ಏಳೂಕಾಲಿಂದ ಏಳೂವರೆ

ಇದು 2020ರ ಮೊದಲನೇ ಲಾಕ್‌ಡೌನ್ ಟೈಮಲ್ಲಿ ಗಂಡನ ಹೊಡೆತ ತಿಂತಿದ್ದ ಒಬ್ಬ ಹೆಂಗಸಿನ ಕೇಸ್. ಗುರುತು ಸಿಗಬಾರದು ಅಂತ ವಿವರ ಬದಲಾಯಿಸಿದೀನಿ, ಅವ್ರನ್ನ ಕೇಳಿಯೇ ಬರೀತಿರೋದು.

ಮೊದಲೆರಡು ವಾರ ನಮ್ಮ ಮಹಿಳಾ ಹೆಲ್ಪ್‌ಲೈನ್‌ಗೆ ಕಾಲೇ ಕಮ್ಮಿ. ದಾರೀಲಿ ಚುಡಾಯಿಸೋರಿಲ್ಲ, ಬಸ್ಸಲ್ಲಿ ಕೈ ಹಾಕೋರಿಲ್ಲ, ಪರವಾಗಿಲ್ವೇ ಅಂದ್ರು ಜೊತೆಗಿದ್ದ ಒಬ್ರು. ನಂಗೆ ಸಂಕಟ ಆಗ್ತಿತ್ತು, ಹೊಡೆಯೋನು ಮೂರು ಹೊತ್ತೂ ಎದುರಿಗೇ ಕೂತಿದ್ರೆ ಯಾರು ಫೋನ್ ಮಾಡ್ತಾರೆ ಹೇಳಿ?

ಇವ್ರಿಗೆ ಇಬ್ರು ಮಕ್ಕಳು, ಹೊಡೆತ ಹಳೇದೇ. ಆದ್ರೆ ಮೊದಲು ಅವನು ಆಫೀಸಿಗೆ ಹೋದ್ಮೇಲೆ ಸಂಜೆವರೆಗೂ ಟೈಮ್ ಇವ್ರದ್ದು, ಅಳೋದು, ಅಕ್ಕನ ಹತ್ರ ಮಾತಾಡೋದು, ಊದಿದ ಕಡೆ ಮುಲಾಮು ಹಚ್ಕೊಳೋದು ಎಲ್ಲ ಆವಾಗ್ಲೇ, ಲಾಕ್‌ಡೌನ್ ಕಿತ್ಕೊಂಡಿದ್ದು ಆ ಹೊತ್ತನ್ನ. ಜೊತೆಗೆ ಹೊಸ ಬೆದರಿಕೆ ಬೇರೆ, ಹೊರಗೆ ಕಾಲಿಟ್ರೆ ರೋಗ ತರ್ತೀಯ, ವಾಪಸ್ ಒಳಗೆ ಸೇರಿಸಲ್ಲ ಅಂತ. ಸಂಬಳ ಅರ್ಧ ಆಯ್ತು ಅದಕ್ಕೇ ಸಿಟ್ಟು ಅಂತ ಇವ್ರೇ ಅವನ ಪರ ಹೇಳ್ತಿದ್ರು. ನಾನು ಒಪ್ಪಲಿಲ್ಲ, ಸಂಬಳ ಕತ್ತರಿಸಿದ ಮ್ಯಾನೇಜರ್ ಮೇಲೆ ಕೈ ಎತ್ತಲಿಲ್ವಲ್ಲ.

ಒಂದು ತಪ್ಪು ನಂದೇ. ಮೊದಲ ಕಾಲ್ ಅರ್ಧಕ್ಕೆ ಕಟ್ ಆಯ್ತು, ಗಾಬರೀಲಿ ವಾಪಸ್ ಮಾಡ್ಬಿಟ್ಟೆ, ಎತ್ತಿದ್ದು ಅವನು. "ಇಂಟರ್ನೆಟ್ ಆಫರ್ ಇದೆ ಸರ್" ಅಂದು ಇಟ್ಟೆ, ಕೈ ನಡುಗ್ತಿತ್ತು. ಮೂರು ದಿನ ಸುದ್ದಿಯಿಲ್ಲ. ಆಮೇಲೆ ಮೆಸೇಜ್: "ನೀವಾಗೇ ಮಾಡ್ಬೇಡಿ. ಬೆಳಗ್ಗೆ ಅವ್ರು ಸ್ನಾನಕ್ಕೆ ಹೋದಾಗ ನಾನೇ ಬರೀತೀನಿ." ಏಳೂಕಾಲಿಂದ ಏಳೂವರೆ, ಅಷ್ಟೇ ನಮಗೆ ಸಿಕ್ಕಿದ್ದು.

ಕುತ್ತಿಗೆ ಹಿಸುಕಿದಾನಾ ಅಂತ ಕೇಳಿದೆ. "ಎರಡು ಸಲ." ಅಲ್ಲಿಗೆ ನನ್ನ ಲೆಕ್ಕ ಪೂರ್ತಿ ಬದಲಾಯ್ತು, ಯಾಕಂದ್ರೆ ಇದು ಮುಂದೆ ಕೊಲೆವರೆಗೂ ಹೋಗಬಹುದು ಅನ್ನೋದಕ್ಕೆ ದೊಡ್ಡ ಸೂಚನೆ, ಹೊರಗೆ ಗುರುತು ಕಾಣದಿದ್ರೂ ಒಳಗೆ ಪೆಟ್ಟಾಗಿರಬಹುದು, ಡಾಕ್ಟರಿಗೆ ತೋರಿಸ್ಲೇಬೇಕು ಅಂದೆ. ಇಬ್ರನ್ನೂ ಕೂರಿಸಿ ಮಾತಾಡ್ತೀರಾ ಅಂತ ಕೇಳಿದ್ರು. ಇಲ್ಲ ಅಂದೆ, ನನ್ನೆದುರು ಆಡಿದ ಒಂದೊಂದು ಮಾತಿಗೂ ರಾತ್ರಿ ಇವ್ರೇ ಬೆಲೆ ತೆರಬೇಕು.

ಜಗಳದ ವಾಸನೆ ಬಂದ್ರೆ ಅಡುಗೆಮನೆ, ಬಚ್ಚಲು ಬಿಟ್ಟು ಹೊರಬಾಗಿಲ ಕಡೆ ಬನ್ನಿ, ಮಕ್ಕಳು ಮಧ್ಯೆ ಬರೋದು ಬೇಡ, ಪಕ್ಕದ ಮನೆಗೆ ಓಡ್ಲಿ ಅಂತ ಹೇಳಿಕೊಟ್ಟೆ. ಅಕ್ಕನ ಜೊತೆ ಒಂದು ಗುಟ್ಟಿನ ಮಾತು ಇಟ್ಕೊಂಡ್ವಿ, "ಚಾರ್ಜರ್ ಕಳೆದೋಯ್ತು" ಅಂದ್ರೆ ತಕ್ಷಣ ಪೊಲೀಸರಿಗೆ ಫೋನ್. ವಿಡಿಯೋ ಕಾಲಲ್ಲಿ ಅವನು ಪಕ್ಕದಲ್ಲೇ ಇರ್ತಾನಲ್ಲ, ಅದಕ್ಕೆ ಕೆನಡಾದ ಒಂದು ಮಹಿಳಾ ಸಂಸ್ಥೆ ಆ ಏಪ್ರಿಲ್‌ನಲ್ಲೇ ಶುರು ಮಾಡಿದ್ದ ಸನ್ನೆ ಕಲಿಸಿದೆ, ಅಂಗೈ ತೋರಿಸಿ ಹೆಬ್ಬೆರಳು ಒಳಗೆ ಮಡಚಿ ಉಳಿದ ನಾಲ್ಕು ಬೆರಳು ಅದರ ಮೇಲೆ ಮುಚ್ಚೋದು. ದಾಖಲೆಗಳ ಫೋಟೋ ಅಕ್ಕಂಗೆ ಹೋಯ್ತು, ಫೋನಿಂದ ಡಿಲೀಟ್ ಆಯ್ತು. ಚಾಟ್ ಮಾತ್ರ ಪೂರ್ತಿ ಅಳಿಸಬೇಡಿ ಅಂದೆ, ಖಾಲಿ ಫೋನ್ ನೋಡಿದ್ರೇನೇ ಅನುಮಾನ ಬರೋದು, ನಮ್ಮದಷ್ಟೇ ಅಳಿಸಿ. ಮತ್ತೆ, ಹೋಗ್ತೀನಿ ಅಂತ ಅವನಿಗೆ ಹೇಳಬೇಡಿ, ಬಿಟ್ಟು ಹೋಗೋ ಘಳಿಗೇನೇ ಎಲ್ಲಕ್ಕಿಂತ ಅಪಾಯದ್ದು.

ಆಫೀಸ್ ಮತ್ತೆ ಶುರುವಾದ ದಿನವೇ ಮಕ್ಕಳ ಜೊತೆ ಅಕ್ಕನ ಮನೆಗೆ ಹೋದ್ರು. ಅದೇ ವಾರ ನಮ್ಮ ಲೈನ್ ಬಿಡುವಿಲ್ಲದೆ ಹೊಡ್ಕೊಳ್ತಿತ್ತು, ಬಾಯಿಗೆ ಬೀಗ ಹಾಕ್ಕೊಂಡಿದ್ದವರೆಲ್ಲ ಒಟ್ಟಿಗೇ ಮಾತಾಡೋಕೆ ಶುರು ಮಾಡಿದ್ರು.

ಆಮೇಲೆ ಎರಡು ಸಲ ಕೇಳಿದಾರೆ, ವಾಪಸ್ ಹೋಗ್ಲಾ ಅಂತ. ಬೇಡ ಅನ್ನೋ ಹಕ್ಕು ನಂದಲ್ಲ. ಹೋಗೋದೇ ಆದ್ರೆ ಚಾರ್ಜರ್ ಮಾತು ಮರೀಬೇಡಿ ಅಂದೆ. ಇನ್ನೂ ಹೋಗಿಲ್ಲ.