ಏರಿನಲ್ಲಿ ಹಿಂದೆ ಉಳಿಯುವವರು ಮೊದಲೇ ಮಾತಾಡಬೇಕು

ಪ್ರಶ್ನೆ: ನಾವು ನಾಲ್ವರು ಕಾಲೇಜು ದಿನಗಳಿಂದ ಸ್ನೇಹಿತರು. ಒಂದು ಕಡಲ ತೀರದಿಂದ ಹೊರಟು ಇನ್ನೊಂದು ಕಡಲ ತೀರ ಮುಟ್ಟುವ ಸೈಕಲ್ ಪ್ರವಾಸದ ಬಗ್ಗೆ ವರ್ಷಗಳಿಂದ ಮಾತಾಡುತ್ತಿದ್ದೆವು. ಇನ್ನೆರಡು ತಿಂಗಳಲ್ಲಿ ನಿಜವಾಗಿಯೂ ಹೊರಡುತ್ತಿದ್ದೇವೆ. ಒಟ್ಟು 240 ಕಿಲೋಮೀಟರ್, ನಡುವೆ ಬೆಟ್ಟಗಳ ಸಾಲು. ಮೊದಲು ಐದು ದಿನ ಅಂದುಕೊಂಡಿದ್ದೆವು. ನಮ್ಮಲ್ಲಿ ಒಬ್ಬ ಪ್ರತಿ ವಾರ ದೂರದ ಸವಾರಿ ಮಾಡುವವನು. ‘ಮೂರು ದಿನ ಸಾಕಲ್ವಾ, ರಜೆ ಉಳಿಯುತ್ತೆ’ ಅಂದ. ಇನ್ನಿಬ್ಬರು ಸರಿ ಅಂದರು. ನಾನೂ ಹೂಂ ಅಂದುಬಿಟ್ಟೆ. ಆದರೆ ನಾಲ್ವರಲ್ಲಿ ನಾನೇ ನಿಧಾನ. ಈಚೆಗೆ ಎಲ್ಲರೂ ಸೇರಿ 50 ಕಿಲೋಮೀಟರ್ ಹೋದಾಗ, ಏರು ಬಂದಲ್ಲೆಲ್ಲ ಅವರು ಕಣ್ಣಿಗೆ ಕಾಣದಷ್ಟು ಮುಂದೆ. ನಾನು ಮೇಲೆ ತಲುಪುವ ಹೊತ್ತಿಗೆ ಅವರು ದಣಿವಾರಿಸಿಕೊಂಡು ಹೊರಡಲು ರೆಡಿ. ಯಾರೂ ಏನೂ ಅನ್ನಲಿಲ್ಲ. ಆದರೂ ನನಗೆ ಅಳು ಬಂತು. ಮುಂದಿನ ವಾರ ರೂಮ್ ಬುಕ್ ಮಾಡುತ್ತಾರೆ. ಮಂಡಿ ನೋವು ಅಂತ ಹೇಳಿ ತಪ್ಪಿಸಿಕೊಳ್ಳಲೇ? ಹಲ್ಲು ಕಚ್ಚಿಕೊಂಡು ಹೋಗಿಬಿಡಲೇ? ಬಾಡಿಗೆಗೆ ಇ-ಬೈಕ್ (ಬ್ಯಾಟರಿ ಮೋಟಾರಿನ ನೆರವಿರುವ ಸೈಕಲ್) ತೆಗೆದುಕೊಂಡರೆ ಅದು ಮೋಸವಾಗುತ್ತದಾ?
– ಹೆಸರು ಬೇಡ

ಉತ್ತರ: ಮಂಡಿ ನೋವಿನ ಸುಳ್ಳು ಬೇಡ. ಹಲ್ಲು ಕಚ್ಚಿಕೊಂಡು ಹೋಗುವುದೂ ಬೇಡ. ರೂಮ್ ಬುಕ್ ಆಗುವ ಮುಂಚೆ ಆ ಮೂವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ‘ಮೂರು ದಿನ ನನ್ನ ಕೈಲಿ ಆಗುವುದಿಲ್ಲ, ಐದು ದಿನವಾದರೆ ಖಂಡಿತ ಬರುತ್ತೇನೆ’ ಎಂಬ ಒಂದು ಮಾತು ಸಾಕು.

ಇಷ್ಟು ಹೇಳುವುದೇ ನಿಮಗೆ ಬೆಟ್ಟ ಹತ್ತುವುದಕ್ಕಿಂತ ಕಷ್ಟ ಅನ್ನಿಸುತ್ತಿದೆ ಅಂತ ಪತ್ರ ಓದಿದರೆ ತಿಳಿಯುತ್ತದೆ. ಅವರ ಖುಷಿ ನನ್ನಿಂದ ಹಾಳಾಗುತ್ತದೆ ಅನ್ನುವ ಭಯ ಅದು. ಆದರೆ ಸುಮ್ಮನಿದ್ದರೆ ಏನಾಗುತ್ತದೆ ಅಂತಲೂ ಯೋಚಿಸಿ. ದಿನಕ್ಕೆ 80 ಕಿಲೋಮೀಟರ್. ಎರಡನೇ ದಿನ ಮಧ್ಯಾಹ್ನ, ಅರ್ಧ ಬೆಟ್ಟದಲ್ಲಿ ನಿಮ್ಮ ಕಾಲು ಸೋಲುತ್ತದೆ. ಅಲ್ಲಿ ಹತ್ತಿರದಲ್ಲಿ ರೈಲೂ ಇರಲಿಕ್ಕಿಲ್ಲ, ರೂಮೂ ಇರಲಿಕ್ಕಿಲ್ಲ. ಆಗ ಮೂವರೂ ನಿಮಗಾಗಿ ನಿಲ್ಲಲೇಬೇಕು. ಕತ್ತಲಾಗುವ ಮುಂಚೆ ಊರು ಸೇರುವ ಆತಂಕ ಎಲ್ಲರಿಗೂ. ಈಗ ಹೇಳಿದರೆ ಒಂದು ಸಂಜೆಯ ಮಾತುಕತೆಯಲ್ಲಿ ಮುಗಿಯುವ ವಿಷಯ ಅಲ್ಲಿ ಇಡೀ ಪ್ರವಾಸವನ್ನೇ ನುಂಗುತ್ತದೆ.

ಹೇಳುವಾಗ ಬರೀ ‘ಭಯ ಆಗ್ತಿದೆ’ ಅಂದರೆ ಅವರು ಪ್ರೀತಿಯಿಂದಲೇ ‘ಏನೂ ಆಗಲ್ಲ, ಬಾ’ ಅಂದುಬಿಡುತ್ತಾರೆ. ಅದಕ್ಕೇ ಲೆಕ್ಕ ಇಟ್ಟುಕೊಂಡು ಮಾತಾಡಿ. ನಿಲ್ಲುವ ಹೊತ್ತು ಬಿಟ್ಟು, ಬರೀ ಪೆಡಲ್ ತುಳಿದ ಹೊತ್ತಿನಲ್ಲಿ ನಿಮ್ಮ ವೇಗ ಗಂಟೆಗೆ 13 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ಬ್ಯಾಗು ಹೊತ್ತು ಗುಡ್ಡಗಾಡಿನಲ್ಲಿ ಹೋಗುವವರಿಗೆ ಅದೇನೂ ಕಳಪೆ ವೇಗವಲ್ಲ. 80 ಕಿಲೋಮೀಟರ್‌ಗೆ ಆರು ಗಂಟೆಗೂ ಜಾಸ್ತಿ ಸೀಟಿನ ಮೇಲೆ ಇರಬೇಕು. ಊಟ, ನೀರು, ದಾರಿ ನೋಡುವುದು, ಒಂದು ಪಂಕ್ಚರ್ ಎಲ್ಲ ಸೇರಿದರೆ ಎಂಟೂವರೆ ಗಂಟೆ. ಹಾಗೆ ಮೂರು ದಿನ, ಒಂದರ ಹಿಂದೆ ಒಂದು. ಐದು ದಿನವಾದರೆ ದಿನಕ್ಕೆ 48 ಕಿಲೋಮೀಟರ್. ಆ ದೂರವನ್ನು ನೀವು ಈಗಾಗಲೇ ಮಾಡಿದ್ದೀರಿ.

ಇದರಲ್ಲೂ ದೂರಕ್ಕಿಂತ ಏರೇ ಮುಖ್ಯ. ನಿಮ್ಮ ದಾರಿಯನ್ನು ಒಂದು ಮ್ಯಾಪ್ ಆ್ಯಪ್‌ಗೆ ಹಾಕಿ, ಪ್ರತಿ ದಿನ ಒಟ್ಟು ಎಷ್ಟು ಮೀಟರ್ ಏರಬೇಕು ಅಂತ ನೋಡಿ. ಹವ್ಯಾಸಕ್ಕೆ ಓಡಿಸುವವರು ಲಗೇಜ್ ಸಮೇತ ಒಂದು ಗಂಟೆಯಲ್ಲಿ 400ರಿಂದ 500 ಮೀಟರ್ ಎತ್ತರ ಏರಿದರೆ ಅದೇ ಹೆಚ್ಚು. ಒಂದು ದಿನಕ್ಕೆ 1,200 ಮೀಟರ್ ಏರು ಇದ್ದರೆ, ಬರೀ ಹತ್ತುವುದಕ್ಕೇ ಸುಮಾರು ಮೂರು ಗಂಟೆ ಬೇಕು. ದಿನಗಳನ್ನು ಕಿಲೋಮೀಟರ್ ನೋಡಿ ಸಮವಾಗಿ ಹಂಚಬೇಡಿ. ಏರು ಜಾಸ್ತಿ ಇರುವ ದಿನ ದೂರ ಕಡಿಮೆ ಇರಲಿ.

ಇಂಗ್ಲೆಂಡಿನಲ್ಲಿ ಐರಿಶ್ ಸಮುದ್ರದಿಂದ ಉತ್ತರ ಸಮುದ್ರಕ್ಕೆ ಹೋಗುವ ಸಿ2ಸಿ ಎಂಬ ಪ್ರಸಿದ್ಧ ಸೈಕಲ್ ದಾರಿ ಇದೆ. ವೈಟ್‌ಹೇವನ್ ಕಡೆಯಿಂದ ಟೈನ್‌ಮೌತ್ ಅಥವಾ ಸಂಡರ್‌ಲ್ಯಾಂಡ್‌ವರೆಗೆ, ಸುಮಾರು 225 ಕಿಲೋಮೀಟರ್. ನಿಮ್ಮದಕ್ಕಿಂತ ಸ್ವಲ್ಪ ಚಿಕ್ಕದು. ಅದರ ಅತಿ ಎತ್ತರದ ಜಾಗವೇ ಸುಮಾರು 609 ಮೀಟರ್. ಆದರೂ ಏರುವುದು ಇಳಿಯುವುದು ಮತ್ತೆ ಮತ್ತೆ ಬರುವುದರಿಂದ ಕಾಲು ಚೆನ್ನಾಗಿಯೇ ದಣಿಯುತ್ತದೆ. ಬಹಳ ಮಂದಿ ಅದನ್ನು ಮೂರರಿಂದ ಐದು ದಿನಗಳಲ್ಲಿ ಮುಗಿಸುತ್ತಾರೆ. ಹೊರಡುವಾಗ ಹಿಂದಿನ ಚಕ್ರವನ್ನು ಒಂದು ಸಮುದ್ರಕ್ಕೆ ಅದ್ದಿ, ಮುಗಿಸುವಾಗ ಮುಂದಿನ ಚಕ್ರವನ್ನು ಇನ್ನೊಂದು ಸಮುದ್ರಕ್ಕೆ ಅದ್ದುವುದು ಅಲ್ಲಿನ ರೂಢಿ. ಐದು ದಿನ ತೆಗೆದುಕೊಂಡವರ ಚಕ್ರವೂ ಅಷ್ಟೇ ಒದ್ದೆಯಾಗುತ್ತದೆ. ಅಲ್ಲಿ ಹೆಚ್ಚಿನವರು ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಾರೆ, ಯಾಕೆಂದರೆ ಗಾಳಿ ಹೆಚ್ಚಾಗಿ ಆ ದಿಕ್ಕಿಗೇ ಬೀಸುತ್ತದೆ. ನಿಮ್ಮ ದಾರಿಯಲ್ಲೂ ಆ ತಿಂಗಳಿನಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ನೋಡಿಕೊಂಡು ಆಮೇಲೆ ಯಾವ ತೀರದಿಂದ ಹೊರಡಬೇಕು ಅಂತ ತೀರ್ಮಾನಿಸಿ. ದಿನವಿಡೀ ಎದುರುಗಾಳಿ ಇದ್ದರೆ ಅದು ಏರಿನಷ್ಟೇ ಸುಸ್ತು ಮಾಡುತ್ತದೆ. ಇದನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ, ನಿಮಗೆ ಅಳು ಬಂದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು ಅದು. ಮುಂದೆ ಹೋದವರು ಏರಿನ ತುದಿಯಲ್ಲಿ ಕಾಯುತ್ತಾರೆ. ಹತ್ತು ನಿಮಿಷ ಕೂರುತ್ತಾರೆ, ನೀರು ಕುಡಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ತಲುಪಿದ ತಕ್ಷಣ ‘ಬಂದ್ಯಾ? ಸರಿ, ಹೊರಡೋಣ’. ಹೀಗೆ ಇಡೀ ದಿನ ನಡೆದರೆ, ವಿಶ್ರಾಂತಿ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಅದು ಸಿಗುವುದಿಲ್ಲ. ಅವರು ಇನ್ನೂ ನಿಧಾನವಾಗುತ್ತಾರೆ. ಅಂತರ ಇನ್ನೂ ಹೆಚ್ಚುತ್ತದೆ. ನೀವು ಅತ್ತದ್ದು ದುರ್ಬಲರು ಅಂತಲ್ಲ. ದಣಿವಿನ ಜೊತೆ ಒಂಟಿತನವೂ ಸೇರಿಕೊಂಡಿತ್ತು. ನಿಮ್ಮ ಸ್ನೇಹಿತರು ಕೆಟ್ಟವರೂ ಅಲ್ಲ. ಮುಂದೆ ಇರುವವರಿಗೆ ಇದು ಹೊಳೆಯುವುದೇ ಇಲ್ಲ, ಯಾರಾದರೂ ಹೇಳಬೇಕು.

ಹಾಗಾಗಿ ಒಂದು ನಿಯಮ ಕೇಳಿ ಪಡೆದುಕೊಳ್ಳಿ. ಕೊನೆಯವರು ಬಂದ ಮೇಲೆ ಕನಿಷ್ಠ ಐದು ನಿಮಿಷ ಯಾರೂ ಹೊರಡುವುದಿಲ್ಲ. ಹೊರಡುವಾಗ ನಿಧಾನದವರೇ ಮೊದಲು. ಇದಕ್ಕೆ ಖರ್ಚಿಲ್ಲ, ಆದರೆ ದಿನದ ರುಚಿಯೇ ಬದಲಾಗುತ್ತದೆ.

ಇನ್ನೊಂದು ಉಪಾಯ ನಿಮ್ಮ ಜೋರು ಸವಾರನಿಗೇ ಇಷ್ಟವಾಗಬಹುದು. ಪಂಪು, ಟೂಲ್ಸ್, ಬೀಗ, ಎಲ್ಲರಿಗೂ ಬೇಕಾದ ಸಾಮಾನು ಅವನ ಬ್ಯಾಗಿಗೆ ಹೋಗಲಿ. ಸಮತಟ್ಟು ದಾರಿಯಲ್ಲಿ ಎದುರುಗಾಳಿ ಇದ್ದಾಗ ಅವನು ಮುಂದಿರಲಿ, ನೀವು ಅವನ ಚಕ್ರದ ಹಿಂದೆಯೇ ಇರಿ. ಗಾಳಿಯ ಹೊಡೆತ ಅವನಿಗೆ ಬೀಳುವುದರಿಂದ ನಿಮಗೆ ಗಣನೀಯ ಶ್ರಮ ಉಳಿಯುತ್ತದೆ. (ಅಷ್ಟು ಹತ್ತಿರ ಓಡಿಸುವುದನ್ನು ಮುಂಚೆಯೇ ಅಭ್ಯಾಸ ಮಾಡಬೇಕು, ಚಕ್ರಕ್ಕೆ ಚಕ್ರ ತಾಗಿದರೆ ಬೀಳುವುದು ಹಿಂದಿನವರೇ.) ಏರಿನಲ್ಲಿ ವೇಗ ಕಡಿಮೆ ಇರುವುದರಿಂದ ಈ ಉಪಾಯ ಕೆಲಸ ಮಾಡುವುದಿಲ್ಲ. ಅಲ್ಲಿ ನಿಮ್ಮನ್ನು ಕಾಪಾಡುವುದು ಸೈಕಲ್ಲಿನ ಅತಿ ಹಗುರ ಗೇರ್ ಮಾತ್ರ. ಸೈಕಲ್ ಅಂಗಡಿಯವರನ್ನು ಕೇಳಿ, ಹಿಂದೆ ಇನ್ನೂ ದೊಡ್ಡ ಹಲ್ಲುಚಕ್ರ ಹಾಕಲು ಆಗುತ್ತದಾ ಅಂತ. ಕಾಲಿಗೆ ಶಕ್ತಿ ಬರಲು ತಿಂಗಳುಗಟ್ಟಲೆ ಬೇಕು, ಗೇರ್ ಬದಲಿಸಲು ಒಂದು ದಿನ ಸಾಕು.

ಮೆಸೇಜ್ ಹೇಗೆ ಬರೆಯಲಿ ಅಂದರೆ, ಹೀಗೆ ಬರೆಯಬಹುದು: ‘ಒಂದು ಮಾತು ಹೇಳಬೇಕಿತ್ತು. ಮೂರು ದಿನಕ್ಕೆ ಹೂಂ ಅಂದೆ, ಆದ್ರೆ ಲೆಕ್ಕ ಹಾಕಿ ನೋಡಿದೆ, ದಿನಕ್ಕೆ 80 ನನ್ನ ಕೈಲಿ ಆಗಲ್ಲ. ಐದು ದಿನ ಆದ್ರೆ ಖುಷಿಯಿಂದ ಬರ್ತೀನಿ. ನಾಲ್ಕಕ್ಕೆ ಇಳಿಸೋದಾದ್ರೆ ಮೊದಲು ಎರಡು ದಿನ ಒಟ್ಟಿಗೆ ಓಡಿಸಿ ನೋಡೋಣ. ಬುಕ್ ಮಾಡೋ ಮುಂಚೆ ಒಂದ್ಸಲ ಕೂತು ಮಾತಾಡೋಣ್ವಾ?’ ಕ್ಷಮೆ ಕೇಳುವ ಸಾಲು ಬೇಡ. ನೀವು ತಪ್ಪು ಮಾಡಿಲ್ಲ. ಇದನ್ನು ಕಳಿಸಿದ ಮೇಲೆ ಆ ಉಳಿದಿಬ್ಬರಲ್ಲಿ ಒಬ್ಬರಾದರೂ ‘ಸದ್ಯ, ನೀನು ಹೇಳಿದ್ದು ಒಳ್ಳೇದಾಯ್ತು’ ಅಂದರೆ ಆಶ್ಚರ್ಯಪಡಬೇಡಿ. ಅವರೂ ನಿಮ್ಮ ಹಾಗೇ ಸುಮ್ನೆ ಸರಿ ಅಂದಿರಬಹುದು.

ರಜೆ ಇಲ್ಲ, ಮೂರೇ ದಿನ ಅಂತ ಅವರು ಹಠ ಹಿಡಿದರೆ? ಆಗ ಅರ್ಧ ದಾರಿಯಲ್ಲಿ ಅವರನ್ನು ಸೇರಿಕೊಂಡು ಕಡಲಿನವರೆಗೆ ಜೊತೆಗೆ ಹೋಗಬಹುದು. ಅಥವಾ ನೀವು ಒಂದು ದಿನ ಮುಂಚೆ ಹೊರಟು, ಮೊದಲ ಏರುಗಳನ್ನು ನಿಮ್ಮ ಪಾಡಿಗೆ ಮುಗಿಸಬಹುದು. ನಾಲ್ಕು ದಿನಕ್ಕೆ ಒಪ್ಪಿ, ಜೋರಾಗಿ ಹೋಗುವವನು ಮಧ್ಯಾಹ್ನದ ಮೇಲೆ ಒಂದು ಸುತ್ತು ಜಾಸ್ತಿ ಹೊಡೆದು ಸಂಜೆ ರೂಮಿನಲ್ಲಿ ಸಿಗುವುದೂ ಒಂದು ದಾರಿ. ಯಾವುದೂ ಆಗದಿದ್ದರೆ ಈ ಸಲ ಬಿಡಿ, ಆದರೆ ನಿಜವಾದ ಕಾರಣ ಹೇಳಿಯೇ ಬಿಡಿ. ಮಂಡಿ ನೋವಿನ ಕಥೆ ಕಟ್ಟಿದರೆ ಮುಂದಿನ ವರ್ಷವೂ ಅವರು ಇದೇ ಮೂರು ದಿನದ ಯೋಜನೆ ಹಿಡಿದುಕೊಂಡು ಬರುತ್ತಾರೆ.

ಎರಡು ತಿಂಗಳಿನಲ್ಲಿ ನೀವು ಮಾಡಬೇಕಾದ ಅಭ್ಯಾಸದಲ್ಲಿ ಒಂದನ್ನು ಮಾತ್ರ ಬಿಡಲೇಬೇಡಿ. ಶನಿವಾರ, ಭಾನುವಾರ ಎರಡೂ ದಿನ ಪೂರ್ತಿ ಬ್ಯಾಗು ಕಟ್ಟಿಕೊಂಡು 45–50 ಕಿಲೋಮೀಟರ್ ಹೋಗಿ. ಮೊದಲ ದಿನ ಯಾರಾದರೂ ಓಡಿಸಬಹುದು. ಸೀಟು ಉರಿಯುವುದು, ಅಂಗೈ ಜೋಮು ಹಿಡಿಯುವುದು, ಮಂಡಿ ಎಳೆಯುವುದು ಗೊತ್ತಾಗುವುದು ಎರಡನೇ ದಿನ ಬೆಳಿಗ್ಗೆಯೇ. ಸೀಟಿನ ಎತ್ತರ ಸರಿಪಡಿಸಲು, ಪ್ಯಾಡ್ ಇರುವ ಚಡ್ಡಿ ಒಗ್ಗಿಸಿಕೊಳ್ಳಲು ಆಗ ಇನ್ನೂ ಸಮಯ ಇರುತ್ತದೆ. ಆ ಎರಡು ದಿನ ಹಸಿವಾಗುವ ಮುಂಚೆಯೇ ತಿನ್ನುವುದನ್ನೂ ಕಲಿತುಕೊಳ್ಳಿ. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ‘ನಾನು ನಿಧಾನ’ ಅಂದುಕೊಳ್ಳುವ ಎಷ್ಟೋ ಜನ ಮಧ್ಯಾಹ್ನದ ಹೊತ್ತಿಗೆ ಬರೀ ಹೊಟ್ಟೆ ಖಾಲಿಯಾಗಿ ಸೋಲುತ್ತಾರೆ.

ಇನ್ನು ಇ-ಬೈಕ್. ಅದು ಮೋಸವಲ್ಲ. ನೀವು ನಾಲ್ವರೂ ಸ್ಪರ್ಧೆಗೆ ಹೋಗುತ್ತಿಲ್ಲ. ಪೆಡಲ್ ತುಳಿದರೆ ಮಾತ್ರ ನೆರವಾಗುವ ಸೈಕಲ್ಲಿನಲ್ಲಿ ಬೆಟ್ಟ ಹತ್ತಿದರೂ ಕಾಲು ಕೆಲಸ ಮಾಡುತ್ತದೆ, ಮತ್ತು ಸ್ನೇಹಿತರ ಪಕ್ಕದಲ್ಲೇ ಮಾತಾಡಿಕೊಂಡು ಹತ್ತಬಹುದು. ಆದರೆ ಬುಕ್ ಮಾಡುವ ಮುಂಚೆ ಕೆಲವು ವಿಷಯ ನೋಡಿ. ಅಂಗಡಿಯವರು ಹೇಳುವ ದೂರ ಸಾಮಾನ್ಯವಾಗಿ ಸಮತಟ್ಟು ದಾರಿಯ, ಕಡಿಮೆ ನೆರವಿನ ಲೆಕ್ಕ. ಏರು, ಲಗೇಜ್, ಎದುರುಗಾಳಿ ಸೇರಿದರೆ ಅದು ತುಂಬಾ ಕಡಿಮೆಯಾಗುತ್ತದೆ. ಪ್ರತಿ ರಾತ್ರಿ ಉಳಿಯುವ ಜಾಗದಲ್ಲಿ ಚಾರ್ಜ್ ಮಾಡಲು ಬಿಡುತ್ತಾರಾ ಅಂತ ಫೋನ್ ಮಾಡಿ ಕೇಳಿ, ಬ್ಯಾಟರಿ ಬಿಚ್ಚಿ ರೂಮಿಗೆ ಒಯ್ಯಲು ಬರುವ ಮಾಡೆಲ್ಲೇ ತೆಗೆದುಕೊಳ್ಳಿ. ಇ-ಬೈಕ್ ಭಾರ ಸುಮಾರು 20ರಿಂದ 25 ಕಿಲೋ. ಬ್ಯಾಟರಿ ಮುಗಿದರೆ ಅಷ್ಟನ್ನೂ ನೀವೇ ತುಳಿಯಬೇಕು, ಆದ್ದರಿಂದ ಸಮತಟ್ಟಿನಲ್ಲಿ ನೆರವು ಕಡಿಮೆ ಇಟ್ಟು ದಿನದ ಕೊನೆಯ ಏರಿಗೆ ಚಾರ್ಜ್ ಉಳಿಸಿಕೊಳ್ಳಿ. ಶನಿವಾರ–ಭಾನುವಾರದ ಆ ಅಭ್ಯಾಸವನ್ನೂ ಅದೇ ಸೈಕಲ್ಲಿನಲ್ಲಿ, ಅದೇ ಬ್ಯಾಗು ಕಟ್ಟಿಕೊಂಡು ಮಾಡಿದರೆ ಬ್ಯಾಟರಿ ಎಲ್ಲಿಯವರೆಗೆ ಬರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.