ರಸೀದಿ ಪುಸ್ತಕದಲ್ಲಿ ಇದ್ದವರು, ಸದಸ್ಯರ ಪಟ್ಟಿಯಲ್ಲಿ ಇಲ್ಲದವರು

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿ ಮೂರು ವಾರವಾಯಿತು. ತಡವಾದುದಕ್ಕೆ ಕ್ಷಮೆ ಇರಲಿ. ‘ವಂದನೆಗಳು, ಗಮನಿಸಿದ್ದೇವೆ’ ಎಂದು ಎರಡು ಸಾಲಿನಲ್ಲಿ ಮುಗಿಸಬಹುದಾದ ಪತ್ರವಲ್ಲ ಅದು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ನೀವು ಬರೆದದ್ದನ್ನು ಉಳಿದ ಓದುಗರಿಗೂ ಸ್ವಲ್ಪ ಹೇಳಬೇಕು.

ಬೆಂಗಳೂರಿನ ಬಸವನಗುಡಿ ಕುರಿತ ನಮ್ಮ ಪತ್ರಿಕೆಯ ವಿಶೇಷ ಸಂಚಿಕೆ ನಿಮಗೆ ಬೇಸರ ತಂದಿದೆ. ಕಹಳೆ ಬಂಡೆ ಬಂತು, ಗಾಂಧಿ ಬಜಾರಿನ ಹೂವು ಬಂತು, ದೋಸೆ ಬಂತು, ನನ್ನ ಬೀದಿ ಮಾತ್ರ ಬರಲಿಲ್ಲ ಎಂದಿದ್ದೀರಿ. ನಿಮ್ಮ ಬೀದಿಯ ತಿರುವಿನಲ್ಲಿ, ಟ್ರಾನ್ಸ್‌ಫಾರ್ಮರ್ ಕೆಳಗೆ, ದಿನವೂ ಕಸದ ರಾಶಿ ಬೀಳುತ್ತದೆ. ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸುವುದರಿಂದ ಈ ವಯಸ್ಸಿನಲ್ಲಿ ನೀವು ರಸ್ತೆಗಿಳಿದು ನಡೆಯಬೇಕಾಗಿದೆ. ವಾರ್ಡ್ ಸಭೆಗೆ ಹೋದರೆ ಅಲ್ಲಿದ್ದವರು ಒಂಬತ್ತೇ ಜನ. ಅದೇ ವಾರ ರಾಮೋತ್ಸವದ ಸಂಗೀತ ಕಚೇರಿಯಲ್ಲಿ ಕುರ್ಚಿ ಸಾಲದೆ ಜನ ನಿಂತಿದ್ದರು. ‘ನಾವು ಒಳ್ಳೆಯ ಊರಿನವರೋ, ಬರೀ ಒಳ್ಳೆಯ ಸಭಿಕರೋ?’ ಇದು ನಿಮ್ಮ ಪ್ರಶ್ನೆ.

ಆ ನಿಂತಿದ್ದ ಜನರನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಪಕ್ಕದ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಡಿ.ವಿ.ಜಿ.ಯವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಂದಿಗೂ ಉಪನ್ಯಾಸಕ್ಕೆ ಬಾಗಿಲು ತೆರೆಯುತ್ತದೆ. ಇವುಗಳ ಹಿಂದೆ ಇರುವವರು ಸಂಜೆ ಕೆಲಸ ಮುಗಿಸಿ ಬಂದು ಕುರ್ಚಿ ಜೋಡಿಸಿದವರು, ರಸೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತಿದವರು. ನನ್ನ ಬೀದಿಯಲ್ಲಿ ರಾಜ್ಯೋತ್ಸವಕ್ಕೆ ಶಾಮಿಯಾನ ಎಷ್ಟು ಬೇಕು, ಕೋಸಂಬರಿಗೆ ಹೆಸರುಬೇಳೆ ಎಷ್ಟು ನೆನೆಹಾಕಬೇಕು, ಮೈಕಿನವನಿಗೆ ಮುಂಗಡ ಯಾರು ಕೊಡಬೇಕು ಎಂಬುದು ಚೀಟಿ ಬರೆಯದೆಯೇ ನಡೆಯುತ್ತದೆ. ಹತ್ತು ಜನ ಸೇರಿ ಒಂದು ಕೆಲಸವನ್ನು ಹೊತ್ತು ಮುಗಿಸುವ ಈ ಅಭ್ಯಾಸ ಎಲ್ಲ ಊರಿಗೂ ಇರುವುದಿಲ್ಲ. ನಮಗಿದೆ. ಅದು ಕಸದ ರಾಶಿಯ ತನಕ ಏಕೆ ಬರುವುದಿಲ್ಲ ಎಂಬುದಷ್ಟೇ ನಾವು ಕೇಳಿಕೊಳ್ಳಬೇಕಾದದ್ದು.

ಇದಕ್ಕೆ ನನ್ನ ಬಳಿ ಒಂದು ಉತ್ತರವಿದೆ. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ. 2012ರಲ್ಲಿ ಮಾವಳ್ಳಿಪುರದ ಜನ ಇನ್ನು ಬೆಂಗಳೂರಿನ ಕಸ ತಮ್ಮೂರಿಗೆ ಬೇಡವೆಂದು ನಿಂತ ಮೇಲೆ ನಗರದ ಬೀದಿ ಬೀದಿಯಲ್ಲಿ ಗುಡ್ಡೆ ಬಿದ್ದದ್ದು ನಿಮಗೆ ನೆನಪಿರಬಹುದು. ಆಮೇಲೆ ಮಂಡೂರಿನವರೂ ಸಾಕೆಂದರು. 2015ರ ಕೊನೆಗೆ ಹೈಕೋರ್ಟ್ ಆದೇಶ ಬಂತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್‌ನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ನಾವು ಉತ್ಸಾಹದಿಂದ ಮನೆ ಮನೆಗೆ ಹೋಗಿ ತಿಳಿಸಿದೆವು. ಬುಟ್ಟಿಗಳನ್ನು ಒಟ್ಟಿಗೆ ಕೊಂಡು ತಂದೆವು. ಆದರೂ ತಿರುವಿನಲ್ಲಿ ಕಸ ಬೀಳುವುದು ನಿಲ್ಲಲಿಲ್ಲ.

ಆ ದಿನಗಳಲ್ಲೇ ಒಂದು ಭಾನುವಾರ ಸಂಘದ ಸಭೆಯ ಬಾಗಿಲಿಗೆ ಮಹಡಿ ಮನೆಯ ಬಾಡಿಗೆದಾರರೊಬ್ಬರು ಬಂದರು. ಆಸ್ಪತ್ರೆಯೊಂದರಲ್ಲಿ ನರ್ಸ್. ‘ಸರ್, ನನಗೆ ರಾತ್ರಿ ಪಾಳಿ. ಕಸದ ಗಾಡಿ ಬೆಳಿಗ್ಗೆ ಏಳಕ್ಕೆ ಬಂದು ಹೋಗುತ್ತದೆ, ನಾನು ಮನೆ ಮುಟ್ಟುವಾಗ ಒಂಬತ್ತು. ಯಾರಾದರೂ ನನ್ನ ಬುಟ್ಟಿ ಗಾಡಿಗೆ ಹಾಕಿದರೆ ಉಪಕಾರವಾಗುತ್ತದೆ’ ಎಂದರು. ಕೇಳಿದ್ದು ಇಷ್ಟೇ. ನಮ್ಮ ನಿಯಮಾವಳಿಯ ಪ್ರಕಾರ ಸ್ವಂತ ಮನೆ ಉಳ್ಳವರಷ್ಟೇ ಸದಸ್ಯರು. ‘ನಿಮ್ಮ ಓನರ್ ಮೂಲಕ ಹೇಳಿಸಿ’ ಎಂದು ಕಳುಹಿಸಿದೆವು. ಹಾಗೆಂದವನು ನಾನೇ. ಅವರ ಮನೆಯ ಕಸ ಆಮೇಲೆ ಎಲ್ಲಿ ಬಿದ್ದಿರಬಹುದು ಎಂದು ಯೋಚಿಸಲು ನನಗೆ ವರ್ಷಗಳೇ ಬೇಕಾದವು. ಇನ್ನೂ ನೋಯುವ ಸಂಗತಿ ಬೇರೆ ಇದೆ: ಆ ವರ್ಷದ ರಾಜ್ಯೋತ್ಸವದ ರಸೀದಿ ಪುಸ್ತಕದಲ್ಲಿ ಅವರ ಹೆಸರಿತ್ತು. ಚಂದಾ ಕೇಳಲು ಅದೇ ಮಹಡಿ ಹತ್ತಿದ್ದೆವು.

ಹಬ್ಬದಲ್ಲಿ ಎಲ್ಲರೂ ನಮ್ಮವರು, ಸಭೆಯಲ್ಲಿ ಮನೆಯ ಒಡೆಯರು ಮಾತ್ರ ನಮ್ಮವರು. ನಮ್ಮ ದೊಡ್ಡ ಕೊರತೆ ಇದೇ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಟ್ರಾನ್ಸ್‌ಫಾರ್ಮರ್ ಕೆಳಗಿನ ಚೀಲಗಳ ಹಿಂದೆಯೂ ಹೀಗೆ ಪಾಳಿಯಲ್ಲಿ ದುಡಿಯುವ ಯಾರೋ ಇರಬಹುದು. ಒಮ್ಮೆ ಕೇಳಿ ನೋಡಿ.

ಇದು ನಿನ್ನೆ ಮೊನ್ನೆಯದೂ ಅಲ್ಲ. 1898ರ ಪ್ಲೇಗಿನ ಹೊತ್ತಿನಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದಾಗ ಅಗಲವಾದ ರಸ್ತೆ, ಗಾಳಿ ಬೆಳಕಿನ ಜೊತೆಗೆ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳನ್ನೂ ಬಿಟ್ಟರು. ಮಲ ಬಳಿಯಲು ಬರುವವರು ಮುಂಬಾಗಿಲ ಕಡೆ ಸುಳಿಯದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಎಂದು. ಆ ಓಣಿಗಳಲ್ಲಿ ಈಗ ಸ್ಕೂಟರ್ ನಿಲ್ಲುತ್ತವೆ, ಮುರಿದ ಕಮೋಡು ಬಿದ್ದಿರುತ್ತದೆ. ಆದರೆ ದುಡಿಯುವವರನ್ನು ಹಿಂಬಾಗಿಲಿನಲ್ಲೇ ಇರಿಸುವ ಮನಸ್ಸು ಇನ್ನೂ ಪೂರ್ತಿ ಮುಂಬಾಗಿಲಿಗೆ ಬಂದಿಲ್ಲ.

ಒಂದು ಬೆಳಿಗ್ಗೆಯ ವಿಷಯ ಹೇಳುತ್ತೇನೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಮುಗಿದ ಮರುದಿನ, ಬೆಳಕು ಹರಿಯುವ ಮುಂಚೆ ಬುಲ್ ಟೆಂಪಲ್ ರಸ್ತೆಗೆ ಹೋಗಿದ್ದೆ. ಸಿಪ್ಪೆ ರಸ್ತೆಯ ಮೇಲೆ ಹಾಸಿದಂತೆ ಬಿದ್ದಿತ್ತು. ರಾತ್ರಿಯ ಇಬ್ಬನಿಗೆ ನೆಂದು ಟಾರಿಗೆ ಅಂಟಿಕೊಂಡಿತ್ತು, ಪೊರಕೆಗೆ ಸುಲಭವಾಗಿ ಬರುತ್ತಿರಲಿಲ್ಲ. ಪೌರಕಾರ್ಮಿಕ ಮಹಿಳೆಯೊಬ್ಬರು ಮೊಂಡಾದ ಪೊರಕೆಯನ್ನು ತಿರುಗಿಸಿ ಅದರ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಮುಂದೆ ಮಾಡಿಕೊಂಡು ಮತ್ತೆ ಗುಡಿಸುತ್ತಿದ್ದರು. ಅವರು ಕುಡಿಯಲು ನೀರು ಕೇಳಿದಾಗ ಆ ರಸ್ತೆಯ ಒಂದು ಮನೆಯಿಂದ ನೀರು ಬಂತು. ಗೇಟಿನ ಮೇಲಿಂದ, ಪ್ಲಾಸ್ಟಿಕ್ ಲೋಟದಲ್ಲಿ, ಎಸೆಯಲು ಅನುಕೂಲವಾಗುವಂತೆ. ಕೊಟ್ಟವರು ಕೆಟ್ಟವರಲ್ಲ. ನೀರು ಕೊಟ್ಟರಲ್ಲ. ಆದರೂ ಆ ಲೋಟ ನನ್ನ ಕಣ್ಣಿನಿಂದ ಹೋಗಿಲ್ಲ. 2022ರ ಜುಲೈನಲ್ಲಿ ಇದೇ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಮುಷ್ಕರಕ್ಕೆ ಕುಳಿತಾಗ ನಮ್ಮ ಬೀದಿಯ ಎಷ್ಟು ಮಂದಿ ಅವರ ಬಳಿ ಹೋಗಿದ್ದೆವು? ನಾನು ಹೋಗಲಿಲ್ಲ.

ನಿಮ್ಮ ಪತ್ರದ ಒಂದು ಮಾತನ್ನು ಮಾತ್ರ ಒಪ್ಪಲಾರೆ. ‘ಹೊರಗಿನವರು ಬಂದ ಮೇಲೆ ನಮ್ಮ ಬಸವನಗುಡಿ ಕೆಟ್ಟಿತು’ ಎಂದು ಬರೆದಿದ್ದೀರಿ. ನಾವು ಹೆಮ್ಮೆಪಡುವ ಡಿ.ವಿ.ಜಿ. ಮುಳಬಾಗಿಲಿನಿಂದ ಬಂದವರು. ಇಲ್ಲಿನ ಮೊದಲ ಮನೆಗಳವರು ಪ್ಲೇಗಿಗೆ ಹೆದರಿ ಬಂದವರು. ಪರಿಷೆಯ ಕಥೆಯಲ್ಲಿ ಕಡಲೆಕಾಯಿ ಬೆಳೆದವರು ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು. ಆ ಹೊಲಗಳ ಮೇಲೇ ನಾವು ಮನೆ ಕಟ್ಟಿಕೊಂಡಿದ್ದೇವೆ. ಇಂದು ಕಡಲೆಕಾಯಿ ಬರುವುದು ಬೇರೆ ಜಿಲ್ಲೆಗಳಿಂದ, ನೆರೆ ರಾಜ್ಯಗಳಿಂದ. ಹೊರಗಿನವರನ್ನು ಕಳೆದರೆ ನಮ್ಮ ವಿಶೇಷ ಸಂಚಿಕೆಯಲ್ಲಿ ಉಳಿಯುವುದು ಬಂಡೆಯೊಂದೇ.

ಆಡಳಿತದ ತಪ್ಪಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಕೌನ್ಸಿಲರ್ ಇಲ್ಲದ ವಾರ್ಡಿನಲ್ಲಿ ಜನ ಸಭೆಗೆ ಬರುವುದು ಯಾರನ್ನು ಕೇಳಲು? ಆ ಒಂಬತ್ತು ಜನ ಬಂದದ್ದೇ ದೊಡ್ಡದು. ಅವರಲ್ಲಿ ನೀವೂ ಒಬ್ಬರು ಎಂಬುದಕ್ಕೆ ನನಗೆ ಗೌರವವಿದೆ.

ವಿಶೇಷ ಸಂಚಿಕೆಯಲ್ಲಿ ಬಿಟ್ಟುಹೋದದ್ದನ್ನು ತುಂಬಿಕೊಡುವುದು ನಮ್ಮ ಹೊಣೆ. ಮುಂದಿನ ಮೂರು ಸಂಚಿಕೆಗಳಲ್ಲಿ ತಲಾ ಎರಡು ಪುಟವನ್ನು ನಿಮ್ಮ ಬೀದಿಯಂಥ ಬೀದಿಗಳಿಗೆ ಮೀಸಲಿಡುತ್ತೇವೆ. ಬರೆಯುವವರು ಬಾಡಿಗೆ ಮನೆಯವರಾಗಿರಲಿ, ಹೂ ಕಟ್ಟುವವರಾಗಿರಲಿ, ಗಾಡಿಯ ಹಿಂದೆ ಬರುವವರಾಗಿರಲಿ. ಬರೆಯಲು ಬಾರದವರು ಹೇಳಿದರೆ ನಮ್ಮವರು ಬಂದು ಬರೆದುಕೊಳ್ಳುತ್ತಾರೆ. ನಮ್ಮ ಸಂಘದ ನಿಯಮಾವಳಿಯಲ್ಲಿ ಬಾಡಿಗೆದಾರರನ್ನು ಸೇರಿಸಬೇಕೆಂದು ನಾನು ಕಳೆದ ವಾರ ಲಿಖಿತವಾಗಿ ಕೇಳಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಉಳಿದವರು ನೋಡೋಣ ಎಂದಿದ್ದಾರೆ.

ಮುಂದಿನ ವಾರ್ಡ್ ಸಭೆಯ ದಿನ ಗೊತ್ತಾದೊಡನೆ ಒಂದು ಕಾರ್ಡು ಹಾಕಿ. ನಾನು ಬರುತ್ತೇನೆ. ನಿಮ್ಮ ಎದುರು ಮನೆಯ ಮಹಡಿಯಲ್ಲಿ ಯಾರಿದ್ದಾರೋ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.

ನಿಮ್ಮ ವಿಶ್ವಾಸಿ,
ಸಂಪಾದಕ