12 ವರ್ಷ ಉತ್ತರೆ ಜಮೀನು ಅವರದೇ ಆಗಿಬಿಡುತ್ತಾ?

ಪ್ರಶ್ನೆ: ಅಣ್ಣತಮ್ಮಂದಿರ ಪಾಲಿನಲ್ಲಿ ನಮ್ಮ ತಂದೆಗೆ 2 ಎಕರೆ ಬಂದಿತ್ತು. ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಾಗ ‘ನೀನೇ ಮಾಡ್ಕೊಂಡು ಹೋಗು’ ಎಂದು ಚಿಕ್ಕಪ್ಪನಿಗೆ ಬಾಯಿಮಾತಲ್ಲಿ ಬಿಟ್ಟರು. ಚಿಕ್ಕಪ್ಪ ಇರುವವರೆಗೂ ಪ್ರತಿ ವರ್ಷ ರಾಗಿ, ತೆಂಗಿನಕಾಯಿ ಕಳಿಸುತ್ತಿದ್ದರು. ಈಗ ತಂದೆಯೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಅವರ ಮಗ ಬೋರ್‌ವೆಲ್ ಕೊರೆಸಿ ಅಡಿಕೆ ಹಾಕಿದ್ದಾನೆ, ಎರಡು ವರ್ಷದಿಂದ ‘12 ವರ್ಷ ದಾಟಿತು, ಜಮೀನು ನನ್ನದು’ ಎನ್ನುತ್ತಿದ್ದಾನೆ. ಪಹಣಿಯ 9ನೇ ಕಾಲಂನಲ್ಲಿ ತಂದೆಯ ಹೆಸರಿದೆ, 12ರಲ್ಲಿ ಅವನದು. ಏನು ಮಾಡಲಿ ಸರ್?
– ಓದುಗರು, ಹಾಸನ ಜಿಲ್ಲೆ

ಉತ್ತರ: ನೀವು ಬರೆದಿರುವುದರ ಮೇಲೆ ಹೇಳುವುದಾದರೆ ಜಮೀನು ಕೈತಪ್ಪಿಲ್ಲ. ಆದರೆ ಸುಮ್ನೆ ಕೂರಬೇಡಿ.

1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಎಂದಿರುವುದು ನಿಜ. ಆದರೆ ಆ 12 ವರ್ಷ ಉಳುಮೆ ಶುರುವಾದ ದಿನದಿಂದ ಲೆಕ್ಕಕ್ಕೆ ಬರುವುದಿಲ್ಲ. ‘ಇದು ನಿನ್ನದಲ್ಲ, ನನ್ನದು’ ಎಂದು ಮಾಲೀಕರಿಗೆ ಗೊತ್ತಾಗುವ ಹಾಗೆ ಎದುರು ನಿಂತ ದಿನದಿಂದ ಶುರು. ಮಾಲೀಕರು ಒಪ್ಪಿ ಬಿಟ್ಟುಕೊಟ್ಟ ಜಮೀನಿನಲ್ಲಿ 40 ವರ್ಷ ಇದ್ದರೂ ಅದು ಪ್ರತಿಕೂಲ ಸ್ವಾಧೀನ (ಮಾಲೀಕರಿಗೆ ಎದುರಾಗಿ ಜಮೀನು ಹಿಡಿದುಕೊಂಡು ಒಡೆತನ ಕೇಳುವುದು) ಆಗುವುದಿಲ್ಲ. ಯಾವ ದಿನದಿಂದ ಸ್ವಾಧೀನ ಇದೆ, ಅದು ಎಂಥ ಸ್ವಾಧೀನ, ಎದುರಿನವರಿಗೆ ಗೊತ್ತಿತ್ತೇ, ಎಷ್ಟು ಕಾಲ ನಡೆಯಿತು, ಎಲ್ಲರ ಕಣ್ಣೆದುರೇ ಅಡ್ಡಿಯಿಲ್ಲದೆ ನಡೆಯಿತೇ, ಇಷ್ಟನ್ನೂ ಹಕ್ಕು ಕೇಳುವವನೇ ಸಾಬೀತು ಮಾಡಬೇಕು ಎಂದು 2004ರಲ್ಲಿ ಕರ್ನಾಟಕ ವಕ್ಫ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರತಿ ವರ್ಷ ರಾಗಿ, ಕಾಯಿ ಬರುತ್ತಿತ್ತು ಅಂದರೆ ಏನರ್ಥ? ಜಮೀನು ಅಣ್ಣನದು ಎಂದು ಚಿಕ್ಕಪ್ಪನೇ ಒಪ್ಪಿಕೊಂಡಿದ್ದರು ಅಂತ ಅಲ್ವಾ? ಇದು ನಿಮ್ಮ ದೊಡ್ಡ ಬಲ. ಇದನ್ನು ಕಂಡ ಅಕ್ಕಪಕ್ಕದ ಜಮೀನಿನವರು, ನೆಂಟರು ಯಾರಿದ್ದಾರೆ ನೋಡಿ, ಅವರ ಸಾಕ್ಷ್ಯ ಬೇಕಾಗುತ್ತದೆ. ಹಳೆ ಕಾಗದ, ಫೋನಿನ ಮೆಸೇಜು ಏನಿದ್ದರೂ ಎತ್ತಿಡಿ.

12ನೇ ಕಾಲಂ ನೋಡಿ ಹೆದರಬೇಡಿ. ಅದು ಬೆಳೆ ಮಾಡುತ್ತಿರುವವರ ಹೆಸರು, ಅಷ್ಟರಿಂದಲೇ ಒಡೆತನ ಬರುವುದಿಲ್ಲ. ಹಾಗೆಂದು ಮಾಲೀಕರ ಹೆಸರಿರುವ 9ನೇ ಕಾಲಂ ಒಂದನ್ನೇ ನಂಬಿ ಕೂರಲೂ ಆಗದು. ಪಾಲುಪತ್ರ ನೋಂದಣಿ ಆಗಿದೆಯೇ ಮೊದಲು ಹುಡುಕಿ, ತಂದೆಯ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ. ಪಾಲೇ ಆಗಿರಲಿಲ್ಲ ಎಂದು ಅವನು ವಾದಿಸಿದರೂ ಪ್ರತಿಕೂಲ ಸ್ವಾಧೀನ ಅವನಿಗೆ ಸುಲಭವಲ್ಲ, ಜಂಟಿ ಆಸ್ತಿಯಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನ ಎಂದೇ ಕೋರ್ಟು ನೋಡುತ್ತದೆ. ಆಗ ನೀವು ವಿಭಾಗದ ದಾವೆ ಹಾಕಬೇಕಾಗುತ್ತದೆ, ಅದು ಬೇರೆ ದಾರಿ.

ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಲಾಯರ್ ನೋಟಿಸ್ ಕೊಟ್ಟರೆ, ಪೊಲೀಸರಿಗೆ ದೂರು ಕೊಟ್ಟರೆ, ಪಂಚಾಯ್ತಿ ಸೇರಿಸಿದರೆ ಈ ಕಾಲದ ಲೆಕ್ಕ ನಿಲ್ಲುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ಮಾಲೀಕತ್ವ ಘೋಷಣೆಗೂ ಸ್ವಾಧೀನಕ್ಕೂ ದಾವೆ ಹಾಕಲೇಬೇಕು. ಅವನು ಎದುರು ನಿಂತು ಎರಡೇ ವರ್ಷ ಆಗಿದೆ ಅಂತೀರಿ, ಆದರೂ ತಡ ಮಾಡಬೇಡಿ. ಘೋಷಣೆ ಕೇಳಲು ಇರುವ ಕಾಲಮಿತಿ ಸಾಮಾನ್ಯವಾಗಿ ಮೂರೇ ವರ್ಷ, ಜೊತೆಗೆ ಸಾಕ್ಷಿ ಹೇಳುವ ಹಿರಿಯರಿಗೂ ವಯಸ್ಸಾಗುತ್ತಿದೆ. 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪ್ರತಿಕೂಲ ಸ್ವಾಧೀನದ ಮೇಲೆ ಅವನೇ ದಾವೆ ಹಾಕಬಹುದು. ಹಾಗಾಗಿ ಕೋರ್ಟಿನಿಂದ ಏನೇ ಸಮನ್ಸ್ ಬಂದರೂ ಬಿಡದೆ ಹಾಜರಾಗಿ.

ಪ್ರಶ್ನೆ: ಗೋಮಾಳದಲ್ಲಿ 22 ವರ್ಷದಿಂದ ಉಳುತ್ತಿದ್ದೇವೆ. ನಮಗೂ ಈ ಕಾನೂನು ಸಿಗುತ್ತಾ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಸರ್ಕಾರಿ ಜಮೀನಿಗೆ 12 ಅಲ್ಲ, 30 ವರ್ಷ. ಅದಾದರೂ ಕೋರ್ಟಿನಲ್ಲಿ ಗೆಲ್ಲುವುದು ಬಹಳ ಕಷ್ಟ. ನಿಮ್ಮಂಥವರಿಗೆ ಇರುವ ದಾರಿ ಬಗರ್ ಹುಕುಂ ಸಕ್ರಮ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಳ್ಳುವುದು. 2005ರ ಜನವರಿ 1ಕ್ಕೆ ಮೊದಲಿನಿಂದ ಉಳುತ್ತಿರುವವರಿಗೆ ಫಾರಂ 57 ಎಂಬ ಅರ್ಜಿ ನಮೂನೆ ಇತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಆಗ ಅರ್ಜಿ ಕೊಟ್ಟಿದ್ದರೆ ಅದು ಯಾವ ಹಂತದಲ್ಲಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ, ರಸೀದಿ ಹುಡುಕಿಡಿ. ಮಂಜೂರು ಮಾಡಿ ಎಂದು ಅರ್ಜಿ ಕೊಟ್ಟ ಮೇಲೆ ಜಮೀನು ಸರ್ಕಾರದ್ದು ಎಂದು ನೀವೇ ಒಪ್ಪಿದ ಹಾಗೆ, ಆಮೇಲೆ ಪ್ರತಿಕೂಲ ಸ್ವಾಧೀನದ ವಾದ ನಿಲ್ಲುವುದಿಲ್ಲ. ಅದಕ್ಕೇ ಎರಡು ದೋಣಿಯಲ್ಲಿ ಕಾಲಿಡಬೇಡಿ, ಸಕ್ರಮದ ಅರ್ಜಿಯನ್ನೇ ಬೆನ್ನುಹತ್ತಿ.